ಸಮೀಕ್ಷೆಯಲ್ಲಿ ತೃಪ್ತಿ 4.2, ಆದರೆ ಗೇಟಿನ ಮೇಜಿನ ಮೇಲೆ ಉದ್ದನೆಯ ಪುಸ್ತಕ ಹಾಗೆಯೇ ಇದೆ: ಯಾವುದನ್ನು ನಂಬಬೇಕು?

ಪ್ರಶ್ನೆ
ಕಾಫಿ ಲೆಕ್ಕ, ಚಿಕ್ಕಮಗಳೂರು

ನಾನು ಚಿಕ್ಕಮಗಳೂರಿನ ಕಾಫಿ ಬೀಜದ ಸಿಪ್ಪೆ ತೆಗೆದು ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಳೆಗಾರರು ತರುವ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರಿಯ (ಹಣ್ಣಾಗಿಯೇ ಒಣಗಿಸಿದ ಕಾಫಿ) ಆವಕ, ತೇವಾಂಶ, ತೂಕ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ), ಪಾವತಿ ಎಲ್ಲವನ್ನೂ ಒಂದೇ ಕಡೆ ದಾಖಲಿಸುವ ತಂತ್ರಾಂಶವನ್ನು ಕಳೆದ ಕುಯ್ಲಿನ ಹಂಗಾಮಿನಿಂದ ಬಳಸುತ್ತಿದ್ದೇವೆ. ವರ್ಷ ತುಂಬಿದ ಮೇಲೆ ಇದರ ಗುಣಮಟ್ಟವನ್ನೂ ಸಿಬ್ಬಂದಿಯ ತೃಪ್ತಿಯನ್ನೂ ಅಳೆದು ವರದಿ ಕೊಡಬೇಕೆಂದು ಆಡಳಿತ ಮಂಡಳಿಯವರು ನನಗೆ ಹೇಳಿದರು.

ಡಾಲ್ ಮತ್ತು ಟಾರ್ಕ್‌ಜಾದೆ 1988ರಲ್ಲಿ ಬಳಕೆದಾರರ ತೃಪ್ತಿಯನ್ನು ಅಳೆಯಲು ರೂಪಿಸಿದ 12 ಪ್ರಶ್ನೆಗಳ ಮಾಪಕವನ್ನು ಕನ್ನಡಕ್ಕೆ ತಂದುಕೊಂಡು 38 ಜನರಿಂದ ಉತ್ತರ ಪಡೆದೆ. ವಿಷಯ, ನಿಖರತೆ, ರೂಪ, ಬಳಕೆಯ ಸುಲಭತೆ, ಸಕಾಲಿಕತೆ ಎಂಬ ಐದು ಅಂಶಗಳೂ ಸೇರಿ ಸರಾಸರಿ 5ಕ್ಕೆ 4.2 ಬಂದಿದೆ, ಕ್ರೋನ್‌ಬಾಕ್ ಆಲ್ಫಾ (ಉತ್ತರಗಳ ಪರಸ್ಪರ ಹೊಂದಾಣಿಕೆಯ ಅಳತೆ, ಗರಿಷ್ಠ 1) 0.95. ಅಂಕಿಗಳನ್ನು ನೋಡಿ ಸಂತೋಷಪಡಬೇಕಿತ್ತು. ಆದರೆ ಗೇಟಿನಲ್ಲಿ ಲೋಡ್ ಇಳಿಸಿಕೊಳ್ಳುವ ಗುಮಾಸ್ತರು ಇಂದಿಗೂ ಮೊದಲು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡು, ಸಂಜೆ ಬಿಡುವಾದಾಗ ಅದನ್ನು ನೋಡಿ ಕಂಪ್ಯೂಟರಿಗೆ ಏರಿಸುತ್ತಾರೆ. ಅವರೂ ಎಲ್ಲ ಪ್ರಶ್ನೆಗಳಿಗೆ 4 ಎಂದೇ ಗುರುತು ಹಾಕಿದ್ದಾರೆ. ವರದಿಯಲ್ಲಿ ನಾನು ಏನೆಂದು ಬರೆಯಲಿ?

ಉತ್ತರ
ಹೇಮಾವತಿ ತೀರ, ಹಾಸನ

ಹಾಸನದಲ್ಲಿ ಕೆಲವು ವರ್ಷ ಈ ವಿಷಯವನ್ನೇ ಪಾಠ ಮಾಡಿದ್ದೇನೆ, ಆದ್ದರಿಂದ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಿ.

0.95 ಎಂಬ ಆಲ್ಫಾ ನೋಡಿ ಹಿಗ್ಗಬೇಡಿ. ಪ್ರಶ್ನೆಗಳ ಉತ್ತರಗಳು ಒಂದರೊಡನೊಂದು ಎಷ್ಟು ಹೊಂದಿಕೊಂಡಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಉತ್ತರ ನಿಜವೇ ಎಂಬುದನ್ನು ಹೇಳುವುದಿಲ್ಲ. ಕೆಲವರು ಮೇಲಿನಿಂದ ಕೆಳಗಿನವರೆಗೆ 4, ಇನ್ನು ಕೆಲವರು ಮೇಲಿನಿಂದ ಕೆಳಗಿನವರೆಗೆ 5 ಗೀಚಿಕೊಟ್ಟರೂ ಆಲ್ಫಾ ಏರಿಯೇ ಏರುತ್ತದೆ. ಆ 12 ಪ್ರಶ್ನೆಗಳೂ ಒಳ್ಳೆಯದನ್ನೇ ಕೇಳುವಂಥವು, ಒಂದೂ ತಿರುಗುಮುರುಗಿಲ್ಲ. ನಮೂನೆಯ ತಲೆಯ ಮೇಲೆ ಹೆಸರು ಬರೆಸಿಕೊಂಡಿದ್ದರಂತೂ ಯಾರು ತಾನೇ 2 ಹಾಕುತ್ತಾರೆ?

ಎರಡನೆಯದು, ಯಶಸ್ಸನ್ನು ವಿವರಿಸುವ ಸೈದ್ಧಾಂತಿಕ ಮಾದರಿಯ ಮಾತು. ಡಿಲೋನ್ ಮತ್ತು ಮೆಕ್‌ಲೀನ್ 1992ರಲ್ಲಿ ಮಾಹಿತಿ ವ್ಯವಸ್ಥೆಯ ಯಶಸ್ಸನ್ನು ಆರು ಅಂಶಗಳಾಗಿ ಬಿಡಿಸಿದರು: ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ, ಬಳಕೆ, ಬಳಕೆದಾರರ ತೃಪ್ತಿ, ವ್ಯಕ್ತಿಯ ಮೇಲಿನ ಪರಿಣಾಮ, ಸಂಸ್ಥೆಯ ಮೇಲಿನ ಪರಿಣಾಮ. 2003ರಲ್ಲಿ ಅವರೇ ಅದನ್ನು ಪರಿಷ್ಕರಿಸಿ ಸೇವೆಯ ಗುಣಮಟ್ಟವನ್ನು ಸೇರಿಸಿದರು, ಎರಡು ಪರಿಣಾಮಗಳನ್ನು ನಿವ್ವಳ ಪ್ರಯೋಜನ ಎಂದು ಒಂದಾಗಿಸಿದರು. ಈ ನಡುವೆ 1997ರಲ್ಲಿ ಸೆಡನ್ ಎಂಬ ಸಂಶೋಧಕರು ಎತ್ತಿದ ಆಕ್ಷೇಪ ನಿಮ್ಮ ಗೇಟಿಗೆ ನೇರವಾಗಿ ತಾಗುತ್ತದೆ. ಬಳಕೆ ಕಡ್ಡಾಯವಾಗಿರುವಲ್ಲಿ ಎಷ್ಟು ಬಳಸಿದರು ಎಂಬುದು ಯಶಸ್ಸಿನ ಅಳತೆಯಾಗದು, ಅದು ಉಪಯೋಗಕ್ಕೆ ಬಂದಿತೇ ಎಂಬುದನ್ನು ನೋಡಬೇಕು ಎಂಬುದು ಅದರ ಸಾರ. ನಿಮ್ಮ ಗುಮಾಸ್ತರು ದಿನವೂ ನಮೂದು ಮಾಡುತ್ತಿರುವುದು ಮಾಡದೆ ಗತಿಯಿಲ್ಲ ಎಂದು. ಅವರು ಸ್ವಂತ ಇಚ್ಛೆಯಿಂದ ಬಳಸುತ್ತಿರುವುದು ಪುಸ್ತಕವನ್ನು ಮಾತ್ರ.

ನಾನಾಗಿದ್ದರೆ ಆ ಪುಸ್ತಕವನ್ನು ಬಿಡಿಸಿ ಕುಳಿತುಕೊಳ್ಳುತ್ತಿದ್ದೆ. ತಂತ್ರಾಂಶದಲ್ಲಿ ಇಲ್ಲದ ಯಾವ ಅಂಕಣ ಅದರಲ್ಲಿದೆ ಎಂದು ನೋಡಿ.

ಉತ್ತರ
ಘಾಟಿ ದಾರಿ, ಸಕಲೇಶಪುರ

ಇಂಥ ತಂತ್ರಾಂಶಗಳ ದುರಸ್ತಿ ನನ್ನ ಹೊಟ್ಟೆಪಾಡು. ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಸಮೀಕ್ಷೆಯನ್ನೇ ಮೂಲೆಗೆ ಎಸೆಯಬೇಕಿಲ್ಲ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ 10 ವಾಕ್ಯಗಳ ಬಳಕೆ ಸುಲಭತೆಯ ಮಾಪಕವನ್ನು ಪ್ರಯತ್ನಿಸಿ. ಅದರಲ್ಲಿ ಬೆಸ ಸಂಖ್ಯೆಯ ವಾಕ್ಯಗಳು ಹೊಗಳುತ್ತವೆ, ಸಮ ಸಂಖ್ಯೆಯವು ತೆಗಳುತ್ತವೆ. ಬೆಸ ವಾಕ್ಯಗಳ ಅಂಕದಿಂದ 1 ಕಳೆಯಬೇಕು, ಸಮ ವಾಕ್ಯಗಳ ಅಂಕವನ್ನು 5ರಿಂದ ಕಳೆಯಬೇಕು, ಎಲ್ಲವನ್ನೂ ಕೂಡಿ 2.5ರಿಂದ ಗುಣಿಸಬೇಕು. ಕಣ್ಣುಮುಚ್ಚಿ ಎಲ್ಲಕ್ಕೂ 4 ಹಾಕಿದವರಿಗೆ 15 ಕೂಡಿಸು 5, ಅಂದರೆ 20, ಗುಣಿಸಿದರೆ 50. ಎಲ್ಲಕ್ಕೂ 5 ಹಾಕಿದರೂ 50, ಎಲ್ಲಕ್ಕೂ 1 ಹಾಕಿದರೂ 50. ಸಾಮಾನ್ಯವಾಗಿ ಸರಾಸರಿ ಎಂದು ಹಿಡಿಯುವುದು 100ಕ್ಕೆ 68ನ್ನು. ಹೀಗೆ ಗೀಚಿದವರ ಹಾಳೆಗಳು ತಾವಾಗಿಯೇ ಬೇರೆಯಾಗಿ ಕಾಣುತ್ತವೆ.

ಇನ್ನೊಂದು ಮಾತು, ಇದನ್ನು ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ. ಬೆಳೆಗಾರರ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ ಎಂದು ನೀವೇ ಕುಳಿತು ಪರೀಕ್ಷಿಸಿ. ನಾನು ಹೋಗಿದ್ದ ಒಂದು ಕಚೇರಿಯಲ್ಲಿ ಹಳೆಯ ಪಟ್ಟಿಯನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿ ತುಂಬಿದ್ದರು. ‘ಸುರೇಶ್’ ಎಂದು ಹುಡುಕಿದರೆ ಅರ್ಧ ಸುರೇಶರು ನಾಪತ್ತೆ. ನೋಡಿದರೆ, ಪರಿವರ್ತಿಸಿದ ಹೆಸರುಗಳ ಕೊನೆಯ ಅರ್ಧಾಕ್ಷರದ ನಂತರ ಅಗಲವೇ ಇಲ್ಲದ ಒಂದು ಅಕ್ಷರ ಅಂಟಿಕೊಂಡಿತ್ತು. ಪರದೆಯ ಮೇಲೆ ಎರಡೂ ಹೆಸರುಗಳು ಒಂದೇ, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಅಲ್ಲಿನವರು ತಾವೇ ತಪ್ಪು ಟೈಪ್ ಮಾಡುತ್ತಿದ್ದೇವೆಂದು ಆರು ತಿಂಗಳು ತಮ್ಮನ್ನೇ ಬೈದುಕೊಂಡಿದ್ದರು. ತಪ್ಪು ತನ್ನದೇ ಎಂದುಕೊಂಡವರು ಸಮೀಕ್ಷೆಯಲ್ಲಿ ದೂರು ಬರೆಯುವುದಿಲ್ಲ.

ಉತ್ತರ
ತೂಕದ ಮನೆ, ಹಾಸನ ಜಿಲ್ಲೆ

ನಾನು ಬೇರೊಂದು ಕ್ಯೂರಿಂಗ್ ವರ್ಕ್ಸ್‌ನ ಗೇಟಿನಲ್ಲಿ ಕುಳಿತುಕೊಳ್ಳುವವನು. ಸಿದ್ಧಾಂತ ನನಗೆ ತಿಳಿಯದು. ಜನವರಿಯಲ್ಲಿ ಒಂದರ ಹಿಂದೆ ಒಂದು ಪಿಕಪ್ ನಿಂತಿರುವಾಗ, ಕರೆಂಟ್ ಹೋಗಿ ಯುಪಿಎಸ್ ಕಿರುಚುತ್ತಿರುವಾಗ, ಹದಿನಾಲ್ಕು ಖಾನೆ ತುಂಬದೆ ಚೀಟಿ ಕೊಡದ ಯಂತ್ರದ ಮುಂದೆ ಕಾಯುವವರು ಯಾರು? ತೇವಾಂಶದ ಅಂಕಿ ಲ್ಯಾಬಿನಿಂದ ಬರುವುದು ಅರ್ಧ ಗಂಟೆಯ ಮೇಲೆ, ಆದರೆ ಆ ಖಾನೆ ಖಾಲಿ ಬಿಡಲು ಬಿಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಸದ್ಯಕ್ಕೆ 11 ಎಂದು ಹಾಕಿ ಮುಂದೆ ಹೋಗುತ್ತಾರೆ, ಆಮೇಲೆ ಕೆಲವೊಮ್ಮೆ ತಿದ್ದುತ್ತಾರೆ, ಕೆಲವೊಮ್ಮೆ ಮರೆಯುತ್ತಾರೆ.

ನಿಮ್ಮ ಗುಮಾಸ್ತರು 4 ಹಾಕಿದ್ದು ಸುಳ್ಳೆಂದು ನನಗೆ ಅನಿಸುವುದಿಲ್ಲ. ಸಂಜೆ ಏರಿಸುವಾಗ ಅವರಿಗೆ ತಂತ್ರಾಂಶ ಸುಲಭವಾಗಿಯೇ ಕಂಡಿರಬಹುದು. ಬೆಳಿಗ್ಗೆ ಲೋಡ್ ನಿಂತಿರುವಾಗ ಕೇಳಿ ನೋಡಿ.

ಮರುಮಾತು
ಕಾಫಿ ಲೆಕ್ಕ, ಚಿಕ್ಕಮಗಳೂರು

ಮೂವರಿಗೂ ಧನ್ಯವಾದಗಳು. ನಮೂನೆಯ ಮೇಲೆ ಹೆಸರು ಬರೆಸಿದ್ದು ನಿಜ, ಅದು ನನ್ನದೇ ತಪ್ಪು.

ಗುಮಾಸ್ತರ ಒಪ್ಪಿಗೆ ಪಡೆದು ನಿನ್ನೆ ಅವರ ಪುಸ್ತಕವನ್ನು ನೋಡಿದೆ. ತಂತ್ರಾಂಶದಲ್ಲಿ ಇಲ್ಲದ ಎರಡು ಅಂಕಣಗಳು ಅಲ್ಲಿವೆ. ಒಂದು ‘ತಂದವರು’: ಬೆಳೆಗಾರರು ಫೋನಿನಲ್ಲಿ ತಮ್ಮ ಸದಸ್ಯತ್ವ ಸಂಖ್ಯೆಯನ್ನು ಹೇಳುವುದೇ ಇಲ್ಲ, ಯಾರ ಜೀಪಿನಲ್ಲಿ ಕಳಿಸಿದೆವು ಎಂದಷ್ಟೇ ಹೇಳುತ್ತಾರಂತೆ. ಇನ್ನೊಂದು ತಂದೆಯ ಹೆಸರು ಮತ್ತು ಊರು. ಒಂದೇ ಹೆಸರಿನ ಮೂವರು ಬೆಳೆಗಾರರು ನಮ್ಮಲ್ಲಿದ್ದು, ಹಿಂದೊಮ್ಮೆ ಒಬ್ಬರ ಪಾವತಿ ಇನ್ನೊಬ್ಬರ ಖಾತೆಗೆ ಹೋಗಿತ್ತು. ಇದನ್ನು ಒಂದೇ ಅಂಕಿಯಲ್ಲಿ ಮುಚ್ಚಿಬಿಡುವ ಬದಲು, ಖಾನೆ ಇಲ್ಲದಿರುವುದನ್ನು ಮಾಹಿತಿಯ ಗುಣಮಟ್ಟದ ಅಡಿಯಲ್ಲಿ, ಖಾಲಿ ಬಿಡಲಾಗದ ತೇವಾಂಶವನ್ನು ವ್ಯವಸ್ಥೆಯ ಗುಣಮಟ್ಟದ ಅಡಿಯಲ್ಲಿ, ದೂರು ಕೊಟ್ಟ ಮೇಲೆ ದುರಸ್ತಿಗೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಸೇವೆಯ ಅಡಿಯಲ್ಲಿ ಬೇರೆ ಬೇರೆಯಾಗಿ ಬರೆಯಬೇಕೆಂದಿದ್ದೇನೆ. 4.2ನ್ನೂ ಬಿಡುವುದಿಲ್ಲ, ಅದು ಹೇಗೆ ಬಂತು ಎಂಬುದರ ಜೊತೆಗೇ ಕೊಡುತ್ತೇನೆ.

ನಮ್ಮ ದಾಖಲೆಯಲ್ಲಿ ತೇವಾಂಶ ಸರಿಯಾಗಿ 11 ಎಂದೇ ಇರುವ ಲೋಡ್‌ಗಳು ಎಷ್ಟಿವೆ ಎಂದು ಈಗ ಎಣಿಸಲು ಕುಳಿತಿದ್ದೇನೆ. ಮೊದಲ ಎರಡು ಪುಟಗಳಲ್ಲೇ ಅನುಮಾನ ಬರುವಷ್ಟು ಸಿಕ್ಕಿವೆ.