ಆಟೋಮ್ಯಾಪರ್ ತೆಗೆದರೆ ಎಪಿಐ ವೇಗ ಆಗುತ್ತಾ?

ಪ್ರಶ್ನೆ

ಡಾಟ್‌ನೆಟ್ 8, ಇಎಫ್ ಕೋರ್ (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ), ಪೋಸ್ಟ್‌ಗ್ರೆಸ್. ಆರ್ಡರ್ ಪಟ್ಟಿಯ ಎಂಡ್‌ಪಾಯಿಂಟ್ ಒಂದು ಸಲಕ್ಕೆ 500 ಆರ್ಡರ್ ಕೊಡುತ್ತೆ, ಒಂದೂವರೆ ಸೆಕೆಂಡ್ ಹಿಡಿಯುತ್ತೆ. ಟೂಲಿಸ್ಟ್ (ಕ್ವೆರಿ ಓಡಿಸಿ ಪಟ್ಟಿ ತರುವ ಕರೆ) ಆದ ಮೇಲೆ ಎಂಟಿಟಿಗಳನ್ನು (ಟೇಬಲ್ ಸಾಲುಗಳ ಆಬ್ಜೆಕ್ಟ್) ಆಟೋಮ್ಯಾಪರ್ ಲೈಬ್ರರಿಯಿಂದ ಡಿಟಿಒಗೆ (ಹೊರಗೆ ಕಳಿಸುವ ಆಬ್ಜೆಕ್ಟ್) ಮ್ಯಾಪ್ ಮಾಡ್ತೀವಿ, ಅಂದರೆ ಮೌಲ್ಯಗಳನ್ನು ನಕಲು ಮಾಡ್ತೀವಿ. ಡಿಟಿಒದಲ್ಲಿ ಗ್ರಾಹಕರ ಹೆಸರು, ಐಟಂಗಳ ಪಟ್ಟಿ ಇವೆ. ಪ್ರೊಫೈಲರ್ ಪ್ರಕಾರ ಬಹುಪಾಲು ಸಮಯ ಹೋಗೋದು ಮ್ಯಾಪ್ ಕರೆಯಲ್ಲೇ. ರಿಫ್ಲೆಕ್ಷನ್ (ಕೋಡ್ ಓಡುವಾಗ ಕ್ಲಾಸಿನ ರಚನೆ ಹುಡುಕಿ ನೋಡೋದು) ಕಾರಣವಾ? ಮ್ಯಾಪರ್ಲಿ ಅನ್ನೋ ಇನ್ನೊಂದು ಮ್ಯಾಪಿಂಗ್ ಲೈಬ್ರರಿಗೆ ಹೋಗೋದಾ, ಕೈಯಲ್ಲೇ ಬರೆಯೋದಾ?

ಉತ್ತರ 1

ಸದ್ಯಕ್ಕೆ ಲೈಬ್ರರಿ ಮುಟ್ಟಬೇಡಿ. ಆಟೋಮ್ಯಾಪರ್ ಪ್ರತಿ ಸಲ ರಿಫ್ಲೆಕ್ಷನ್ ಮಾಡಲ್ಲ. ಮೊದಲ ಬಳಕೆಯಲ್ಲಿ ಎಕ್ಸ್‌ಪ್ರೆಷನ್ ಟ್ರೀ (ಕೋಡಿನ ನಕ್ಷೆ) ಕಟ್ಟಿ, ಡೆಲಿಗೇಟ್ (ನೇರವಾಗಿ ಕರೆಯಬಹುದಾದ ಕೋಡ್) ಆಗಿ ಕಂಪೈಲ್ ಮಾಡಿ ಇಟ್ಟುಕೊಳ್ಳುತ್ತೆ. ಒಂದು ಆಬ್ಜೆಕ್ಟ್‌ಗೆ 10 ಮೈಕ್ರೋಸೆಕೆಂಡ್ ಅಂತ ಧಾರಾಳವಾಗಿ ಹಿಡಿದರೂ 500ಕ್ಕೆ 5 ಮಿಲಿಸೆಕೆಂಡ್ ಅಷ್ಟೇ.

ನನ್ನ ಅನುಮಾನ ಲೇಜಿ ಲೋಡಿಂಗ್ (ಮುಟ್ಟಿದಾಗ ಮಾತ್ರ ಡೇಟಾ ತರೋದು) ಮೇಲೆ. ಮ್ಯಾಪರ್ ಪ್ರತಿ ಆರ್ಡರ್‌ನ ಗ್ರಾಹಕ, ಐಟಂ ಪ್ರಾಪರ್ಟಿಗಳನ್ನು ಮುಟ್ಟುತ್ತೆ, ಇನ್ನೂ ಲೋಡ್ ಆಗಿಲ್ಲದ್ದನ್ನು ಮುಟ್ಟಿದಾಗೆಲ್ಲ ಪ್ರಾಕ್ಸಿ (ಇಎಫ್ ಇಡುವ ಮಧ್ಯವರ್ತಿ ಆಬ್ಜೆಕ್ಟ್) ಡೇಟಾಬೇಸ್‌ಗೆ ಓಡುತ್ತೆ. ಆ ಕಾಯುವಿಕೆಯೆಲ್ಲ ಪ್ರೊಫೈಲರ್‌ನಲ್ಲಿ ಮ್ಯಾಪ್ ಲೆಕ್ಕಕ್ಕೇ ಬೀಳುತ್ತೆ. ಇಎಫ್‌ನ ಡೇಟಾಬೇಸ್ ಕಮಾಂಡ್ ಲಾಗನ್ನು ಇನ್‌ಫರ್ಮೇಷನ್ ಮಟ್ಟಕ್ಕೆ ಇಟ್ಟು, ಒಂದೇ ರಿಕ್ವೆಸ್ಟ್ ಕಳಿಸಿ, ಸೆಲೆಕ್ಟ್‌ಗಳನ್ನು ಎಣಿಸಿ ನೋಡಿ.

ಸೆಲೆಕ್ಟ್ ನೂರಾರು ಇದ್ದರೆ ಟೂಲಿಸ್ಟ್‌ಗಿಂತ ಮೊದಲೇ ಆಟೋಮ್ಯಾಪರ್‌ನ ಪ್ರಾಜೆಕ್ಟ್‌ಟು (ಮ್ಯಾಪಿಂಗನ್ನೇ ಕ್ವೆರಿಗೆ ಸೇರಿಸುವ ಕರೆ) ಹಾಕಿ. ಡಿಟಿಒಗೆ ಬೇಕಾದ ಕಾಲಂಗಳಷ್ಟೇ ಎಸ್‌ಕ್ಯೂಎಲ್‌ನಲ್ಲಿ ಬರುತ್ತವೆ, ಸಂಬಂಧಿತ ಡೇಟಾ ತರೋಕೆ ಇನ್‌ಕ್ಲೂಡ್ ಬರೆಯೋದೂ ಬೇಡ.

ಉತ್ತರ 2

ಜೊತೆಗೆ ಇದನ್ನೂ ನೋಡಿ: ಮ್ಯಾಪಿಂಗ್ ನಿಯಮಗಳಿರುವ ಮ್ಯಾಪರ್‌ಕಾನ್ಫಿಗರೇಷನ್ ಆಬ್ಜೆಕ್ಟನ್ನು ಎಲ್ಲಾದರೂ ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಕಟ್ಟುತ್ತಿದ್ದರೆ, ಕಂಪೈಲ್ ಕೆಲಸ ಪ್ರತಿ ಸಲವೂ ಮೊದಲಿಂದ ಶುರು. ಸಿಪಿಯು ನಿಜವಾಗಿ ಉರಿಯೋದು ಅಲ್ಲಿ. ಅದು ಸಿಂಗಲ್‌ಟನ್ (ಇಡೀ ಆ್ಯಪ್‌ಗೆ ಒಂದೇ) ಆಗಿರಲೇಬೇಕು.

ಮ್ಯಾಪರ್ಲಿ ನನಗೆ ಇಷ್ಟ, ಆದರೆ ಕಾರಣ ವೇಗವಲ್ಲ. ಅದು ಬಿಲ್ಡ್ ಹೊತ್ತಿಗೇ ಸಾದಾ ಸಿ ಶಾರ್ಪ್ ಕೋಡ್ ಬರೆದಿಡುತ್ತೆ, ಬ್ರೇಕ್‌ಪಾಯಿಂಟ್ ಇಟ್ಟು ಓದಬಹುದು. ಪ್ರಾಪರ್ಟಿಯ ಹೆಸರು ಬದಲಾಗಿ ಜೋಡಿ ತಪ್ಪಿದರೆ ಬಿಲ್ಡ್‌ನಲ್ಲೇ ಎಚ್ಚರಿಕೆ ಕೊಡುತ್ತೆ, ಎಡಿಟರ್‌ಕಾನ್ಫಿಗ್‌ನಲ್ಲಿ ಅದನ್ನು ಎರರ್ ಮಾಡಿಬಿಡಿ. ಆಟೋಮ್ಯಾಪರ್‌ನಲ್ಲಿ ಅದೇ ತಪ್ಪು ನಲ್ ಆಗಿ ಪ್ರೊಡಕ್ಷನ್‌ವರೆಗೂ ಹೋಗಬಹುದು. ಜೋಡಿ ತಪ್ಪಿದ್ದನ್ನು ಹಿಡಿಯುವ ಅಸರ್ಟ್‌ಕಾನ್ಫಿಗರೇಷನ್‌ಈಸ್‌ವ್ಯಾಲಿಡ್ ಕರೆಯುವ ಒಂದು ಟೆಸ್ಟ್ ಇರಲೇಬೇಕು. ನೇಟಿವ್ ಎಒಟಿ (ಮೊದಲೇ ಮೆಷಿನ್ ಕೋಡ್ ಮಾಡಿಡೋದು) ಯೋಚನೆ ಇದ್ದರೆ ಮ್ಯಾಪರ್ಲಿಯಂಥ ಸೋರ್ಸ್ ಜನರೇಟರ್ (ಬಿಲ್ಡ್‌ನಲ್ಲೇ ಕೋಡ್ ಬರೆಯುವ ಸಾಧನ) ಅಥವಾ ಕೈಯಲ್ಲಿ ಬರೆದ ಕೋಡ್ ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಪ್ರಶ್ನೆ ಕೇಳಿದವರು

ಎಣಿಸಿದೆ: 861 ಸೆಲೆಕ್ಟ್! ಪಟ್ಟಿಗೆ 1, ಐಟಂಗಳಿಗೆ 500, ಗ್ರಾಹಕರಿಗೆ 360. ಪ್ರಾಜೆಕ್ಟ್‌ಟು ಹಾಕಿದರೆ ಬಾಕಿ ದಿನ ಲೆಕ್ಕ ಹಾಕುವ ವ್ಯಾಲ್ಯೂ ರಿಸಾಲ್ವರ್ ಹತ್ತಿರ ಎಕ್ಸೆಪ್ಷನ್ ಬರ್ತಿದೆ.

ಉತ್ತರ 1

ಗ್ರಾಹಕರು 360 ಯಾಕೆಂದರೆ ಒಮ್ಮೆ ಲೋಡ್ ಆದ ಗ್ರಾಹಕ ಅದೇ ಕಾಂಟೆಕ್ಸ್ಟ್‌ನಲ್ಲಿ (ಆ ರಿಕ್ವೆಸ್ಟ್‌ನ ಇಎಫ್ ಸೆಷನ್) ಮತ್ತೆ ಲೋಡ್ ಆಗಲ್ಲ. ರಿಸಾಲ್ವರ್ ಮಾಮೂಲಿ ಸಿ ಶಾರ್ಪ್ ಕ್ಲಾಸ್, ಅದನ್ನು ಎಸ್‌ಕ್ಯೂಎಲ್ ಮಾಡೋಕಾಗಲ್ಲ. ಕೊನೆ ದಿನಾಂಕವನ್ನು ಹಾಗೇ ಡಿಟಿಒಗೆ ತಂದು, ಬಾಕಿ ದಿನವನ್ನು ಡಿಟಿಒದ ಗೆಟ್-ಓನ್ಲಿ ಪ್ರಾಪರ್ಟಿಯಲ್ಲಿ ಲೆಕ್ಕ ಹಾಕಿ.

ಪ್ರಾಜೆಕ್ಟ್‌ಟು ಮಾಡುವ ಜಾಯಿನ್ (ಟೇಬಲ್ ಜೋಡಣೆ) ಕಡೆಗೂ ಕಣ್ಣಿರಲಿ. ಆರ್ಡರ್‌ಗೆ 20 ಐಟಂ ಇದ್ದರೆ 10,000 ಸಾಲು ಬರುತ್ತವೆ, ಆರ್ಡರ್‌ನ ಕಾಲಂಗಳು ಪ್ರತಿ ಸಾಲಲ್ಲೂ ರಿಪೀಟ್. ಅದು ಭಾರ ಅನ್ನಿಸಿದರೆ ಆ್ಯಸ್‌ಸ್ಪ್ಲಿಟ್‌ಕ್ವೆರಿ (ಐಟಂಗಳನ್ನು ಬೇರೆ ಕ್ವೆರಿಯಲ್ಲಿ ತರೋದು) ಸೇರಿಸಿ, ಆದರೆ ಪುಟ ಪುಟವಾಗಿ ತರುವ ಸ್ಕಿಪ್, ಟೇಕ್ ಇದ್ದಲ್ಲಿ ಆರ್ಡರ್‌ಬೈ ಕೊನೆಯಲ್ಲಿ ಐಡಿ ಹಾಕಿ. ಇಲ್ಲದಿದ್ದರೆ ಒಂದೇ ದಿನಾಂಕದ ಆರ್ಡರ್‌ಗಳು ಎರಡು ಕ್ವೆರಿಯಲ್ಲಿ ಬೇರೆ ಬೇರೆ ಕ್ರಮದಲ್ಲಿ ಬಂದು, ಕೆಲವು ಆರ್ಡರ್‌ಗಳ ಐಟಂ ಪಟ್ಟಿ ಖಾಲಿ ಕಾಣಬಹುದು.