ಮಗನ ಕಿವಿ ನೋವಿಗೆ ಬಳ್ಳೊಳ್ಳಿ ಎಣ್ಣಿ ಬಿಡಬಹುದೇನ್ರಿ?

ಬೆಟಗೇರಿ ಅವ್ವ:
ಎಲ್ಲಾರಿಗೂ ನಮಸ್ಕಾರ್ರಿ. ಮಗಗ ನಾಕು ವರ್ಷ, 14 ಕೆಜಿ ಅದಾನ. ಹೋದ ವಾರದಿಂದ ನೆಗಡಿ, ಮೂಗು ಒಂದ ಸವನ ಸೋರೋದು, ನಿನ್ನೆ ರಾತ್ರಿ ಮಲಗಿದ ಮ್ಯಾಲೆ ಒಮ್ಮೆಲೆ ಎಡಗಿವಿ ಹಿಡ್ಕೊಂಡು ಚೀರಾಕ ಶುರು ಮಾಡಿದಾ, ಎತ್ತಿ ಹೆಗಲಿಗೆ ಹಾಕ್ಕೊಂಡ್ರ ಸ್ವಲ್ಪ ಸುಮ್ನಾಗ್ತಾನ, ಮಲಗಸಿದ್ರ ಮತ್ತ ಚಾಲೂ. ಜ್ವರಾ 100 ಐತಿ. ಅತ್ತಿಯವ್ರು ಕೊಬ್ರಿ ಎಣ್ಯಾಗ ಬಳ್ಳೊಳ್ಳಿ ಕಾಸಿ ಎರಡ ಹನಿ ಬಿಡೂಣು ಅಂತ ಬಟ್ಟಲಾ ಹಿಡ್ಕೊಂಡ ನಿಂತಾರ, ನಮ್ಮನಿಯವ್ರು ಮೆಡಿಕಲ್‌ನಿಂದ ಏನೋ ಡ್ರಾಪ್ಸ್ ತಂದಾರ. ನಾ ಎರಡೂ ಹಾಕಿಲ್ಲ. ಇವತ್ತ ಐತವಾರ, ನಾವು ತೋರಸೋ ಡಾಕ್ಟ್ರು ಇರೂದಿಲ್ಲ. ನಾಳಿ ಮಟಾ ಮನ್ಯಾಗ ಏನ ಮಾಡ್ಲಿ?

ಹುಬ್ಬಳ್ಳಿ ಸಿಸ್ಟರ್:
ಮಕ್ಕಳ ವಾರ್ಡಿನ್ಯಾಗ ಕೆಲಸಾ ಮಾಡ್ತೀನ್ರಿ. ನೆಗಡಿ ಬೆನ್ನಹಿಂದ ಬಂದೈತಿ, ಮಲಗಿದ್ರ ಜಾಸ್ತಿ ಆಗತೈತಿ ಅಂದ್ರ ಬಹುತೇಕ ಇದು ನಡುಗಿವಿ ಸೋಂಕು. ಮೂಗಿನ ಹಿಂದಿಂದ ಕಿವಿಗೆ ಒಂದು ಸಣ್ಣ ನಳಿಗಿ ಹೋಗಿರತೈತಿ, ಸಣ್ಣ ಮಕ್ಕಳಿಗೆ ಅದು ಗಿಡ್ಡ, ಅಡ್ಡಾನೂ ಇರತೈತಿ, ನೆಗಡಿಗೆ ಬಾತು ಮುಚ್ಚಿಕೊಂಡ್ರ ಕಿವಿ ಪರದೆ ಹಿಂದ ನೀರು ನಿಂತು ಅಲ್ಲೇ ಕೀವು ಆಗತೈತಿ. ಈಗ ನೀವ ಹೇಳ್ರಿ, ಕೀವು ಪರದೆ ಆ ಕಡೆ, ಎಣ್ಣಿ ಬಿಡೋದು ಈ ಕಡೆ, ಮುಟ್ಟೋದು ಹೆಂಗ? ಅದರ ಮ್ಯಾಲೆ ಪರದೆ ತೂತ ಬಿದ್ದಿದ್ರ ಎಣ್ಣಿ ಸೀದಾ ಒಳಗ ಹೋಗತೈತಿ, ಬಿಸಿ ಜಾಸ್ತಿ ಆಗಿದ್ರ ಸುಡೋದು ಬ್ಯಾರೆ. ಬಳ್ಳೊಳ್ಳಿ ಒಗ್ಗರಣಿಗೆ ಇರ್ಲಿ.

ಡ್ರಾಪ್ಸ್ ಹೆಸರು ನೋಡ್ರಿ. ಜೆಂಟಾಮೈಸಿನ್, ನಿಯೋಮೈಸಿನ್ ಅಂತ ಇದ್ರ ಪರದೆ ನೆಟ್ಟಗ ಐತಿ ಅಂತ ಡಾಕ್ಟ್ರು ನೋಡಿ ಹೇಳೂ ಮಟಾ ಹಾಕಬ್ಯಾಡ್ರಿ, ತೂತ ಇದ್ದ ಕಿವಿಯೊಳಗ ಹೋದ್ರ ಕೇಳಸೋ ಶಕ್ತಿಗೇ ಪೆಟ್ಟ ಬೀಳಬಹುದು.

ಸದ್ಯ ಬೇಕಾಗಿದ್ದು ನೋವು ಕಡಿಮಿ ಮಾಡೋದು. ಪ್ಯಾರಾಸಿಟಮಾಲ್ ಸಿರಪ್, ಒಂದು ಸಲಕ್ಕ ಕೆಜಿಗೆ 15 ಎಂಜಿ ಲೆಕ್ಕ, ಆರು ತಾಸಿಗೊಮ್ಮೆ, ದಿನಕ್ಕ ನಾಕ ಸಲಕ್ಕಿಂತ ಹೆಚ್ಚಿಲ್ಲ. ಆದ್ರ ಬಾಟ್ಲಿ ಮ್ಯಾಲೆ ಓದ್ರಿ, 5 ಎಂಎಲ್‌ಗೆ 120 ಅಂತನೂ ಬರತೈತಿ, 250 ಅಂತನೂ ಬರತೈತಿ, ಎರಡೂ ಒಂದ ನಮೂನಿ ಡಬ್ಬಿ. ನಿಮ್ಮ ಮಗಗ 250ದ್ದು 4 ಎಂಎಲ್, 120ದ್ದು ಇದ್ರ 8 ಎಂಎಲ್. ಚಮಚದಾಗ ಅಂದಾಜ ಹಾಕಬ್ಯಾಡ್ರಿ, ಅಳತಿ ಮುಚ್ಚಳ ಇಲ್ಲಾ ಸಿರಿಂಜ್ ತೊಗೋರಿ. ಬ್ಯಾರೆ ನೆಗಡಿ ಸಿರಪ್ ಕೊಡಾಕತ್ತಿದ್ರ ಅದರಾಗೂ ಪ್ಯಾರಾಸಿಟಮಾಲ್ ಇರತೈತೇನು ನೋಡ್ರಿ, ಡಬಲ್ ಆಗತೈತಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬ್ಯಾಡ್ರಿ. ಒಣ ಅರಬಿ ಇಸ್ತ್ರಿ ಮ್ಯಾಲೆ ಬೆಚ್ಚಗ ಮಾಡಿ, ಮೊದ್ಲ ನಿಮ್ಮ ಕೈಗೆ ಹಚ್ಚಿ ನೋಡಿ, ಕಿವಿ ಹೊರಗಿಂದ ಕಾವು ಕೊಡ್ರಿ. ಅತ್ತಿಯವ್ರಿಗೆ ಆ ಕೆಲಸಾ ವಹಿಸ್ರಿ, ಅವ್ರಿಗೂ ಸಮಾಧಾನ.

ಹಾನಗಲ್ ಕಾಕಾ:
ಏನ್ ತಂಗಿ, ನಮ್ಮವ್ವ ಮನಿ ಮಂದಿ ಎಲ್ಲಾರ ಕಿವಿಗೂ ಎಣ್ಣಿ ಬಿಟ್ಟಾಳ, ಎರಡ ದಿನದಾಗ ಆರಾಮ ಆಗ್ತಿತ್ತು, ಯಾರೂ ಕಿವುಡ ಆಗಿಲ್ಲ. ಹೊಲದಾಗ ಮಲಗಿದಾಗ ಹುಳಾ ಹೊಕ್ಕಾಗೂ ಎಣ್ಣೀನ ಬಿಟ್ಟೇವಿ. ಈಗಿನವ್ರು ಎಲ್ಲಾದ್ಕೂ ಹೆದರತೀರಿ.

ಹುಬ್ಬಳ್ಳಿ ಸಿಸ್ಟರ್:
ಕಾಕಾ, ಹುಳಾ ಹೊಕ್ಕಾಗಿನ ಮಾತು ಖರೆ, ಜೀವಂತ ಹುಳಾ ಒಳಗ ಹರದಾಡಾಕತ್ತಿದ್ರ ಎಣ್ಣಿ ಬಿಟ್ಟು ಕೊಲ್ಲೋದು ಸರಿ, ಪರದೆ ತೂತ ಇಲ್ಲಂದ್ರ ಮಾತ್ರ, ಆಮ್ಯಾಲೆ ಡಾಕ್ಟ್ರು ತಗೀಬೇಕು. ಆದ್ರ ಕಿವಿ ನೋವು ಎರಡ ಮೂರ ದಿನದಾಗ ಬಹಳ ಮಕ್ಕಳಿಗೆ ತಾನಾಗೇ ಕಡಿಮಿ ಆಗತೈತ್ರಿ, ಎಣ್ಣಿ ಬಿಟ್ರೂ ಅಷ್ಟ, ಬಿಡದಿದ್ರೂ ಅಷ್ಟ. ಹೆಸರು ಎಣ್ಣಿಗೆ ಹೋಗತೈತಿ. ಅದಕ್ಕ ಎರಡ ವರ್ಷ ದಾಟಿದ, ಗಟ್ಟಿ ಇದ್ದ ಕೂಸಿಗೆ ಡಾಕ್ಟ್ರೂ ಒಮ್ಮೊಮ್ಮೆ ಆ್ಯಂಟಿಬಯೋಟಿಕ್ ಕೊಡದ 48 ತಾಸು ಕಾಯ್ರಿ ಅಂತಾರ. ಆರು ತಿಂಗಳ ಒಳಗಿನ ಕೂಸಿಗೆ ಮಾತ್ರ ಕಾಯಂಗಿಲ್ಲ.

ಸಪ್ತಾಪುರದಾಂವ:
ನನ್ನದು ದೊಡ್ಡವ್ರ ಕಥಿ, ಆದ್ರೂ ಹೇಳ್ತೀನಿ. ಧಾರವಾಡದ ಮಳ್ಯಾಗ ಪ್ರತಿ ವರ್ಷ ಕಿವಿ ತುರಿಸೋದು, ಎಣ್ಣಿ ಬಿಡೋದು, ಇಯರ್ ಬಡ್ ಹಾಕಿ ತಿರುವೋದು, ಆವಾಗ ಬಾಳ ಸುಖಾ ಅನಸ್ತೈತಿ ಸುಳ್ಳ್ಯಾಕ. ಇಎನ್‌ಟಿ ಡಾಕ್ಟ್ರು ಸಕ್ಷನ್ ಹಾಕಿ ತಗದದ್ದು ತೋರ್ಸಿದ್ರು, ತೋಯ್ದ ನ್ಯೂಸ್ ಪೇಪರ್ ಮುದ್ದಿ ಇದ್ದಂಗ ಬೆಳ್ಳಗ, ಮ್ಯಾಲೆ ಕರಿ ಚುಕ್ಕಿ. ಫಂಗಸ್! ಎಣ್ಣಿ, ತ್ಯಾವ ಎರಡೂ ಅದಕ್ಕ ಬೇಕಾದ್ದೇ ಅಂತ. ಕ್ಲೋಟ್ರಿಮಜೋಲ್ ಡ್ರಾಪ್ಸ್ ಕೊಟ್ರು, ಜಳಕಾ ಮಾಡುವಾಗ ಹತ್ತಿಗೆ ವ್ಯಾಸಲೀನ್ ಹಚ್ಚಿ ಕಿವಿಗೆ ಇಟ್ಕೋ ಅಂದ್ರು. ಅಕ್ಕಾರ, ಮಗನ ಕಿವಿ ಹಾಲಿ ಮೆಲ್ಲಕ ಎಳದು ನೋಡ್ರಿ, ಎಳದ್ರ ನೋವು ಜಾಸ್ತಿ ಆದ್ರ ಅದು ಹೊರಗಿನ ದಾರಿ ಸೋಂಕು ಇರಬಹುದು, ಅದಕ್ಕ ಡ್ರಾಪ್ಸ್ ಕೆಲಸಾ ಮಾಡತಾವು.

ಬೆಟಗೇರಿ ಅವ್ವ:
ಎಳದ್ರ ಏನೂ ಅನ್ನಲಿಲ್ರಿ. ಸಿರಪ್ ಕೊಟ್ಟೆ, ಸಂಜಿ ಮುಂದ ಮಲಗಿದಾ. ಈಗ ಎದ್ದಾನ, ನೋವಿಲ್ಲ ಅಂತಾನ, ಆದ್ರ ದಿಂಬಿನ ಮ್ಯಾಲೆ ಹಳದಿ ನೀರಿನ ಕಲಿ, ಕಿವಿ ಸೋರಾಕತ್ತೈತಿ. ನೋವು ಹೋತಲ್ಲ, ಇನ್ನ ದವಾಖಾನಿ ಬೇಕಾ?

ಹುಬ್ಬಳ್ಳಿ ಸಿಸ್ಟರ್:
ಬೇಕ್ರಿ. ಒಳಗಿನ ಒತ್ತಡಕ್ಕ ಪರದೆ ಸಣ್ಣಗ ಒಡದು ಕೀವು ಹೊರಗ ಬಂದೈತಿ, ಅದಕ್ಕ ನೋವು ಒಮ್ಮೆಲೆ ಇಳೀತು. ಹೆದರಬ್ಯಾಡ್ರಿ, ಇಂಥಾ ತೂತ ಬಹುತೇಕ ಕೆಲವು ವಾರದಾಗ ತಾನ ಕೂಡ್ಕೊಂತೈತಿ. ಆದ್ರ ಸೋರಿದ ಕಿವಿಗೆ ಕಾಯೋ ಲೆಕ್ಕ ಇಲ್ಲ, ನಾಳಿ ಬೆಳಿಗ್ಗೆ ಹೋಗ್ರಿ, ಗದಗಿನ ಸರಕಾರಿ ದವಾಖಾನಿ ಜಿಮ್ಸ್‌ನ್ಯಾಗ ತೋರಸಬಹುದು. ಅಮೋಕ್ಸಿಸಿಲಿನ್ ಅನ್ನೋ ಆ್ಯಂಟಿಬಯೋಟಿಕ್ ಬರದ್ರ ಹೇಳಿದಷ್ಟು ದಿನಾ ಪೂರಾ ಕೊಡ್ರಿ, ಮನ್ಯಾಗ ಉಳದ ಹಳೇ ಬಾಟ್ಲಿ ಬ್ಯಾಡ. ಹೊರಗ ಬಂದಷ್ಟ ಒರಸ್ರಿ, ಒಳಗ ಹತ್ತಿ ತುರುಕಬ್ಯಾಡ್ರಿ, ನೀರು ಹೋಗಗೊಡಬ್ಯಾಡ್ರಿ. ರಾತ್ರಿ ಕಿವಿ ಹಿಂದ ಕೆಂಪಗ ಬಾತು ಕಿವಿ ಮುಂದ ಬಂದಂಗ ಕಂಡ್ರ, ಬಾಯಿ ಒಂದ ಕಡೆ ಸೊಟ್ಟ ಆದ್ರ, ಕುತ್ತಿಗಿ ಬಿಗದ್ರ, ವಾಂತಿ ಮಾಡ್ಕೊಂಡು ಮಂಕಾದ್ರ ನಾಳಿ ಅನ್ನಬ್ಯಾಡ್ರಿ, ಎಮರ್ಜೆನ್ಸಿಗೆ ಹೊಂಡ್ರಿ.

ಬೆಟಗೇರಿ ಅವ್ವ:
ಆತ್ರಿ, ನಾಳಿ ಮೊದಲ ಅದ ಕೆಲಸಾ. ಅತ್ತಿಯವ್ರಿಗೆ ಓದಿ ಹೇಳಿದೆ, ಬಟ್ಟಲಾ ಒಳಗ ಇಟ್ರು, ಮಾತ ಬಿಟ್ಟಾರ.

ಹುಬ್ಬಳ್ಳಿ ಸಿಸ್ಟರ್:
ಬಿಡ್ರಿ, ಮಾತಾಡ್ತಾರ. ಇನ್ನೊಂದು, ಆರಾಮ ಆದ ಮ್ಯಾಲೂ ಪರದೆ ಹಿಂದ ನೀರು ಕೆಲವು ವಾರ, ಒಮ್ಮೊಮ್ಮೆ ಮೂರ ತಿಂಗಳ ಮಟಾ ನಿಲ್ಲತೈತಿ. ಟಿವಿ ಸೌಂಡ್ ಜಾಸ್ತಿ ಇಡಾಕತ್ತಿದ್ರ, ಹಿಂದಿಂದ ಕರದ್ರ ಹೊಳ್ಳಿ ನೋಡದಿದ್ರ ಹಠಾ ಅಂತ ಬೈಬ್ಯಾಡ್ರಿ, ಕಿವಿ ಚೆಕ್ ಮಾಡಸ್ರಿ.