ಮಾರ್ಟೆನ್ ಟೋಂಡರ್ ಅವರ ಕರಡಿ: ಮಕ್ಕಳ ಕಾಮಿಕ್ಸೋ, ದೊಡ್ಡವರ ಸಾಹಿತ್ಯವೋ?

ಆಮ್ಸ್ಟೆಲ್‌ವೀನ್ ವಾಸಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಏಪ್ರಿಲ್ 27ರ ರಾಜನ ಹುಟ್ಟುಹಬ್ಬದ ದಿನ ಜನ ಮನೆಯ ಹಳೆಯ ಸಾಮಾನನ್ನೆಲ್ಲ ಬೀದಿಗೆ ತಂದು ಮಾರುತ್ತಾರೆ. ಮುಖಪುಟದಲ್ಲಿ ಚೌಕಳಿ ಕೋಟು ತೊಟ್ಟ ಕರಡಿಯಿದೆ ಎಂಬ ಒಂದೇ ಕಾರಣಕ್ಕೆ ಮಗಳಿಗಾಗಿ ಮಾರ್ಟೆನ್ ಟೋಂಡರ್ ಎಂಬುವರ ಪುಸ್ತಕ ಕೊಂಡೆ. ತೆರೆದು ನೋಡಿದರೆ ಸಣ್ಣ ಸಣ್ಣ ಚಿತ್ರಗಳು, ಅವುಗಳ ಕೆಳಗೆ ರಾಶಿ ಅಕ್ಷರ. ಮಾತಿನ ಗುಳ್ಳೆ ಹುಡುಕಿದರೂ ಇಲ್ಲ. ಡಚ್ ಭಾಷೆಯ ಪರೀಕ್ಷೆ ಪಾಸಾದ ನನಗೇ ಓದಲು ತಿಣುಕಾಟ, ಇನ್ನು ಮಗಳ ಪಾಡೇನು?

ಕಚೇರಿಯಲ್ಲಿ ಕೇಳಿದೆ. ಒಬ್ಬರು ‘ಅದು ನಮ್ಮ ಶ್ರೇಷ್ಠ ಸಾಹಿತ್ಯ’ ಎಂದರು. ಇನ್ನೊಬ್ಬರು ‘ಜರ್ಮನ್ನರ ಕಾಲದಲ್ಲಿ ಅವರ ಹಿಡಿತದ ಪತ್ರಿಕೆಗೆ ಬರೆದ ಆಸಾಮಿ’ ಎಂದು ಮೂತಿ ತಿರುವಿದರು. ಯಾವುದನ್ನು ನಂಬಲಿ? ಈ ಮನುಷ್ಯನ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಕಾಲುವೆ ದಂಡೆ:

ಇಬ್ಬರನ್ನೂ ನಂಬಿ. ಇಬ್ಬರೂ ಅರ್ಧರ್ಧ ಹೇಳಿದ್ದಾರೆ.

ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕಿದ್ದೆ. ಟೋಂಡರ್ ಅವರನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದು ಅಲ್ಲಿ ಮುಗಿಯದ ಜಗಳ. ಮಕ್ಕಳ ವಿಭಾಗದವರು ‘ನಮಗೆ ಬೇಡ’ ಎನ್ನುತ್ತಿದ್ದರು. ಕಾದಂಬರಿ ವಿಭಾಗದವರು ‘ಚಿತ್ರವಿದೆಯಲ್ಲ’ ಎಂದು ವಾಪಸು ಕಳುಹಿಸುತ್ತಿದ್ದರು. ಅತ್ತಿಂದಿತ್ತ ಹೊರುವವಳು ನಾನೇ ಆದ್ದರಿಂದ ಓದುತ್ತಾ ಹೋದೆ. ನನ್ನ ಡಚ್‌ಗೆ ಈ ಕರಡಿಯೇ ಗುರು.

ಟೋಂಡರ್ ಹುಟ್ಟಿದ್ದು 1912ರಲ್ಲಿ, ರಾಟರ್‌ಡ್ಯಾಮ್‌ನಲ್ಲಿ. ತಂದೆ ಹಡಗಿನ ಕಪ್ತಾನ. 1931ರಲ್ಲಿ ಅಪ್ಪನ ಹಡಗು ಹತ್ತಿ ಬ್ಯೂನಸ್ ಐರಿಸ್‌ಗೆ ಹೋದಾಗ ದಾಂತೆ ಕಿಂತೆರ್ನೋ ಎಂಬ ಅರ್ಜೆಂಟೀನಾದ ಚಿತ್ರಕಾರರ ಬಳಗದ ಕೆಲಸ ಪರಿಚಯವಾಯಿತು. ಚಿತ್ರಕಥೆ ಬರೆದೇ ಹೊಟ್ಟೆ ಹೊರೆಯಬಹುದು ಎಂದು ಆಗ ನಿಶ್ಚಯಿಸಿಕೊಂಡರು. ಟಾಮ್ ಪೂಸ್ ಎಂಬ ಬಿಳಿ ಬೆಕ್ಕಿನ ಕಥೆ ಪತ್ರಿಕೆಗೆ ಬಂದದ್ದು 1941ರ ಮಾರ್ಚ್ 16ರಂದು. ಮೊದಮೊದಲು ಪಠ್ಯ ಬರೆದವರು ಅವರ ಪತ್ನಿ ಫಿನಿ ಡಿಕ್. ಬೆಕ್ಕಿಗೆ ಹೆಸರಿಟ್ಟವರೂ ಅವರೇ. ನಿಮ್ಮ ಕರಡಿ, ಅಂದರೆ ಒಲಿ ಬಿ. ಬೊಮ್ಮೆಲ್, ಮೂರನೆಯ ಕಥೆಯಲ್ಲಿ ಬಂದು ಸೇರಿಕೊಂಡ. ಬಂದವನು ಬೆಕ್ಕನ್ನು ಪಕ್ಕಕ್ಕೆ ಸರಿಸಿ ಯಜಮಾನನೇ ಆಗಿಬಿಟ್ಟ.

ಇನ್ನು ಆ ಇನ್ನೊಬ್ಬ ಸಹೋದ್ಯೋಗಿಯ ಮಾತು. ಆ ಪತ್ರಿಕೆ ‘ಡೆ ಟೆಲಿಗ್ರಾಫ್’; ದೇಶ ಆಗ ಜರ್ಮನ್ನರ ವಶದಲ್ಲಿತ್ತು; ಟಾಮ್ ಪೂಸ್ ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಹೊತ್ತಿಗೆ ಟೋಂಡರ್ ಅವರ ಸ್ಟುಡಿಯೊದಲ್ಲಿ ಪ್ರತಿರೋಧ ಚಳವಳಿಯವರಿಗಾಗಿ ಖೋಟಾ ದಾಖಲೆ ಪತ್ರಗಳು ತಯಾರಾಗುತ್ತಿದ್ದವು. 1944ರಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಮನುಷ್ಯನೊಬ್ಬ ಸಂಪಾದಕನ ಕುರ್ಚಿಗೆ ಬಂದಾಗ ಟೋಂಡರ್ ತಮಗೆ ಮಾನಸಿಕ ಕಾಯಿಲೆಯೆಂಬ ವೈದ್ಯರ ಪ್ರಮಾಣಪತ್ರ ಹಿಡಿದು ಕಥೆ ನಿಲ್ಲಿಸಿದರು. ಸ್ಟುಡಿಯೊ ನಡೆಯಬೇಕು, ಸಂಬಳ ಕೊಡಬೇಕು, ಹಿಂಬದಿಯಲ್ಲಿ ಗುಟ್ಟಿನ ಕೆಲಸವೂ ಸಾಗಬೇಕು. ಇಂಥ ಇಕ್ಕಟ್ಟಿನಲ್ಲಿದ್ದವರನ್ನು ಒಂದೇ ಪದದಲ್ಲಿ ದ್ರೋಹಿ ಅಥವಾ ವೀರ ಎನ್ನುವವರ ಮೇಲೆ ನನಗೆ ನಂಬಿಕೆಯಿಲ್ಲ. ಯುದ್ಧಕಾಲದಲ್ಲಿ ಭೂಗತವಾಗಿ ಹುಟ್ಟಿದ ‘ಡೆ ಬೇಜಿಗೆ ಬೇ’ ಪ್ರಕಾಶನವೇ 1967ರಿಂದ ಈ ಕಥೆಗಳನ್ನು ಸಾಹಿತ್ಯವೆಂದು ಪುಸ್ತಕರೂಪದಲ್ಲಿ ತಂದಿತು ಎಂಬುದನ್ನೂ ಅವರಿಗೆ ತಿಳಿಸಿ.

ಗುಳ್ಳೆ ಏಕಿಲ್ಲವೆಂದರೆ, ಇಲ್ಲಿನ ಶಿಕ್ಷಕರಿಗೂ ಪೋಷಕರಿಗೂ ಗುಳ್ಳೆಯ ಕಾಮಿಕ್ಸ್ ಕಂಡರಾಗುತ್ತಿರಲಿಲ್ಲ. 1948ರಲ್ಲಿ ಶಿಕ್ಷಣ ಸಚಿವ ರುಟ್ಟೆನ್ ಚಿತ್ರಕಾದಂಬರಿಗಳ ವಿರುದ್ಧ ಶಾಲೆಗಳಿಗೆ ಸುತ್ತೋಲೆಯನ್ನೇ ಕಳುಹಿಸಿದರು. ಚಿತ್ರದ ಕೆಳಗೆ ಸಭ್ಯವಾದ ಗದ್ಯವಿದ್ದರೆ ಅಪಾಯ ಕಡಿಮೆ ಎಂಬ ಭಾವನೆ. ಟೋಂಡರ್ ಆ ಕಟ್ಟುಪಾಡನ್ನೇ ಬಂಡವಾಳ ಮಾಡಿಕೊಂಡರು. ದಿನಕ್ಕೆ ಮೂರು ಚಿತ್ರ, ಕೆಳಗೆ ಗದ್ಯ. ಆ ಗದ್ಯದಲ್ಲಿ ರೊಮ್ಮೆಲ್‌ಡಾಮ್ ಎಂಬ ಊರು, ಅದಕ್ಕೊಬ್ಬ ನೀರಾನೆ ಮೇಯರ್, ನಿಯಮ ಬಿಟ್ಟು ಉಸಿರನ್ನೂ ಎಳೆಯದ ಡೋರ್ಕ್‌ನೋಪರ್ ಎಂಬ ಪ್ರಥಮ ದರ್ಜೆ ಗುಮಾಸ್ತ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಡೋರ್ಕ್‌ನೋಪರ್‌ನನ್ನು ಪರಿಚಯಿಸುವ ಅಗತ್ಯವೇ ಇಲ್ಲ! ಬೊಮ್ಮೆಲ್‌ನಂತೂ ಕೋಟೆಮನೆಯಲ್ಲಿರುವ ಶ್ರೀಮಂತ. ಹಣದ ಚಿಂತೆ ಇಲ್ಲ, ಬುದ್ಧಿಯ ಭಾರವೂ ಇಲ್ಲ, ಮಾತುಮಾತಿಗೆ ‘ನಮ್ಮ ತಂದೆಯವರು ಹೇಳುತ್ತಿದ್ದಂತೆ’ ಎನ್ನುವವನು. ಊರಿಗೆ ಆಪತ್ತು ತರುವವನು ಅವನು, ದಾರಿ ಹುಡುಕುವವನು ಟಾಮ್ ಪೂಸ್, ಕಡೆಗೆ ಎಲ್ಲರಿಗೂ ಊಟ ಹಾಕಿಸಿ ಕೀರ್ತಿ ಹೊಡೆಯುವವನು ಮತ್ತೆ ಅವನೇ.

ನನ್ನ ಅಭಿಪ್ರಾಯ ಕೇಳಿದರೆ, ಚಿತ್ರ ತೆಗೆದು ಓದಿದರೂ ಈ ಕಥೆಗಳು ನಿಲ್ಲುತ್ತವೆ. ಕೊನೆಗೆ ಆ ಪುಸ್ತಕಗಳನ್ನು ಯಾರಿಗೂ ಹೇಳದೆ ಕಾದಂಬರಿಗಳ ನಡುವೆ ಇಟ್ಟುಬಿಟ್ಟೆ.

ಕಪ್ಪು ಶಾಯಿ:

ಕಾಲುವೆ ದಂಡೆಯವರೇ, ಕೊನೆಯ ಮಾತಿಗೆ ನನ್ನ ತಕರಾರಿದೆ. ನಾನು ಧಾರವಾಡದಲ್ಲಿ ಕುಳಿತು ಚಿತ್ರ ಬರೆಯುವವನು, ಡಚ್ ಬಾರದು, ನೋಡುವುದು ಗೆರೆಯನ್ನು ಮಾತ್ರ. ಆ ಮಂಜು, ಆ ಬೋಳು ಮರಗಳು, ಕಪ್ಪು ಬಿಳುಪಿನಲ್ಲೇ ಹುಟ್ಟಿಸುವ ಸಂಜೆಯ ಬೆಳಕು! ಮತ್ತೆ, ಇದೆಲ್ಲ ಒಬ್ಬರ ಕೈಯಲ್ಲ. ಹಾನ್ಸ್ ಕ್ರೆಸ್ಸೆ, ಪೀಟ್ ವೈನ್, ಡಿಕ್ ಮಾಟೆನಾ, ಇಂಡೊನೇಷ್ಯಾದಲ್ಲಿ ಹುಟ್ಟಿದ ಥೇ ಚೊಂಗ್ ಖಿಂಗ್ ಎಲ್ಲರೂ ಟೋಂಡರ್ ಸ್ಟುಡಿಯೊದಲ್ಲಿ ಪಳಗಿದವರು. ಯಜಮಾನರು 1965ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದ ಮೇಲೂ ಕಥೆ ದಿನಂಪ್ರತಿ ಪತ್ರಿಕೆಯಲ್ಲಿ ಬಂದಿತೆಂದರೆ ಆ ಕೈಗಳ ಪಾಲೂ ಅದರಲ್ಲಿದೆ. ಬರವಣಿಗೆಯನ್ನು ಹೊಗಳುವವರು ಕುಂಚ ಹಿಡಿದವರನ್ನು ಮರೆಯುವುದು ನಮ್ಮಲ್ಲೂ ಇದ್ದದ್ದೇ.

ಕಾಲುವೆ ದಂಡೆ:

ಸ್ಟುಡಿಯೊದವರ ಹೆಸರು ಹೇಳಿದ್ದಕ್ಕೆ ಧನ್ಯವಾದ, ಅದು ಬೇಕಿತ್ತು. ಆದರೆ ಡಚ್ ಬಾರದೆ ಬೊಮ್ಮೆಲ್ ನೋಡುವುದು ಹಾಡು ಕೇಳದೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಮೆಚ್ಚಿದ ಹಾಗೆ. ಕಲಿಯಿರಿ, ಆಮೇಲೆ ಜಗಳವಾಡೋಣ.

ಆಮ್ಸ್ಟೆಲ್‌ವೀನ್ ವಾಸಿ:

ಇಬ್ಬರಿಗೂ ಕೃತಜ್ಞತೆ. ಹಾಗಾದರೆ ಮಗಳಿಗೆ ಏನು ಕೊಡಲಿ? ನಾನು ಯಾವುದರಿಂದ ಶುರು ಮಾಡಲಿ?

ಕಾಲುವೆ ದಂಡೆ:

ಮಗಳಿಗೆ ಗುಳ್ಳೆಯಿರುವ ಟಾಮ್ ಪೂಸ್ ಕೊಡಿ. 1955ರಿಂದ ಡಚ್ ‘ಡೊನಾಲ್ಡ್ ಡಕ್’ ವಾರಪತ್ರಿಕೆಗೆಂದು ತಯಾರಾದ ಕಥೆಗಳು, ಹಳೆಯ ಪುಸ್ತಕದಂಗಡಿಗಳಲ್ಲಿ ಸಿಗುತ್ತವೆ. ನೀವು 1963ರ ‘ಡೆ ಬೋವೆನ್‌ಬಾಜೆನ್’ನಿಂದ ಶುರು ಮಾಡಿ. ಜಗತ್ತನ್ನೆಲ್ಲ ತಮ್ಮದಾಗಿಸಿಕೊಂಡ ಬೆರಳೆಣಿಕೆಯ ಧನಿಕರ ಕಥೆ; ಇಂದಿನ ಪತ್ರಿಕೆ ಓದುವವರಿಗೆ ಟಿಪ್ಪಣಿ ಬೇಕಾಗದು. 1986ರ ಜನವರಿಯಲ್ಲಿ ಮುಗಿದ ಕೊನೆಯ ಕಥೆಯನ್ನು ಮಾತ್ರ ಈಗಲೇ ತೆರೆಯಬೇಡಿ. ಅದರಲ್ಲಿ ಬೊಮ್ಮೆಲ್ ಮದುವೆಯಾಗುತ್ತಾನೆ. ಅವನ ಪೆದ್ದುತನವನ್ನು ಒಂದಷ್ಟು ಪುಸ್ತಕಗಳಲ್ಲಿ ಸಹಿಸಿಕೊಳ್ಳದವರಿಗೆ ಆ ಮದುವೆಯೂಟ ರುಚಿಸುವುದಿಲ್ಲ.